ಡೋಲಿನ ಕಡೆಗೆ ತಿರುಗಿದ ಕ್ಯಾಮೆರಾ

ಹುದಿಕೇರಿಯ ವಿಡಿಯೋ ಚಿನ್ನ ಕಳೆದ ಭಾನುವಾರ ಶ್ರೀಮಂಗಲದ ಮದುವೆಯೊಂದರಲ್ಲಿ ತೀರಿಕೊಂಡ. ಹೃದಯಾಘಾತ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತೆಂದು ಮಗಳು ತುಳಸಿ ಫೋನಿನಲ್ಲಿ ಹೇಳಿದಳು. ಅವನಿಗೆ ಐವತ್ತಾರು ವರ್ಷವಾಗಿತ್ತು.

ಮರುದಿನದ ಪತ್ರಿಕೆಯಲ್ಲಿ ‘ಛಾಯಾಗ್ರಾಹಕ ನಿಧನ’ ಎಂದು ಎರಡು ಸಾಲು ಬಂದಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ದಕ್ಷಿಣ ಕೊಡಗಿನ ಎಷ್ಟೋ ಮನೆಗಳ ಕಪಾಟಿನಲ್ಲಿ ಚಿನ್ನ ಹಿಡಿದ ಮದುವೆಗಳಿವೆ. ಆ ಮದುವೆಗಳಲ್ಲಿ ಕುಣಿತವಿದೆ. ಆ ಕುಣಿತದಲ್ಲಿ ಬೇರೆ ಯಾವ ಕ್ಯಾಮೆರಾವೂ ತೋರಿಸದ ಕೆಲವರ ಮುಖಗಳಿವೆ. ಅದನ್ನು ಎರಡು ಸಾಲಿನಲ್ಲಿ ಹೇಳಲು ಆಗುವುದಿಲ್ಲ. ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು ನಾನು. ಬರೆಯುವ ಅಭ್ಯಾಸವೂ ಇದೆ. ನಾನೇ ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು.

ಚಿನ್ನ ಮೇದರವನು. ಕೊಡಗಿನಲ್ಲಿ ಮೇದರೆಂದರೆ ಬಿದಿರಿನ ಬುಟ್ಟಿ, ಮೊರ ಹೆಣೆಯುವವರು. ಕೊಡವರ ಮದುವೆ, ಹಬ್ಬ, ಸಾವು ಎಲ್ಲಕ್ಕೂ ಡೋಲು ಬಾರಿಸುವವರು. ಡೋಲು, ಕೊಂಬು, ಬೇರೆ ಊದುವ ವಾದ್ಯ ಎಲ್ಲ ಸೇರಿದ್ದನ್ನು ಇಲ್ಲಿ ವಾಲಗ ಎನ್ನುತ್ತಾರೆ. ವಾಲಗ ಶುರುವಾದರೆ ಕೊಡಗಿನಲ್ಲಿ ಯಾರೂ ಕೂತಿರುವುದಿಲ್ಲ. ಎಂಬತ್ತರ ಅಜ್ಜಿಯೂ ಸೆರಗು ಸರಿಮಾಡಿಕೊಂಡು ಏಳುತ್ತಾಳೆ. ಚಿನ್ನನ ಅಪ್ಪ ಗುಂಡಣ್ಣ ಈ ಭಾಗದಲ್ಲಿ ಹೆಸರುವಾಸಿ ಡೋಲಿನವರು. ಮದುವೆಯ ದಿನ ಗೊತ್ತುಮಾಡುವ ಮೊದಲು ಗುಂಡಣ್ಣನಿಗೆ ಬಿಡುವಿದೆಯೇ ಎಂದು ಕೇಳುತ್ತಿದ್ದ ಮನೆಗಳಿದ್ದವು. ಹಾಗೆಯೇ ಊಟದ ಹೊತ್ತಿಗೆ ಅವರನ್ನು ಕೊನೆಯ ಪಂಕ್ತಿಗೆ ಕಾಯಿಸುತ್ತಿದ್ದದ್ದೂ ಅವೇ ಮನೆಗಳು.

ಮಗ ಡೋಲು ಹಿಡಿಯುವುದು ಗುಂಡಣ್ಣನಿಗೆ ಬೇಡವಾಗಿತ್ತು. ಚಿನ್ನ ಹತ್ತನೇ ತರಗತಿ ಮುಗಿಸಿ ಗೋಣಿಕೊಪ್ಪದ ಸ್ಟುಡಿಯೋ ಒಂದಕ್ಕೆ ಸೇರಿದ. ಮೊದಲು ನೆಲ ಗುಡಿಸಿದ, ಆಮೇಲೆ ಫೋಟೋ ತೊಳೆದ. ಸ್ಟುಡಿಯೋದವರು ಹೆಗಲ ಮೇಲೆ ಇಡುವ ದೊಡ್ಡ ವಿಡಿಯೋ ಕ್ಯಾಮೆರಾ ತರಿಸಿದಾಗ ಅದನ್ನು ಹೊರಲು ಗಟ್ಟಿ ಹೆಗಲು ಬೇಕಾಗಿ ಚಿನ್ನನನ್ನು ಕರೆದರು. ಹೊತ್ತವನು ಕಲಿತೂಬಿಟ್ಟ. ಕೆಲವು ವರ್ಷಗಳ ನಂತರ ಹುದಿಕೇರಿಯಲ್ಲಿ ಸ್ವಂತ ಅಂಗಡಿ ಹಾಕಿದ. ಗುಂಡಣ್ಣ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, ನನ್ನ ಮಗ ಡೋಲು ಹಿಡಿಯಲಿಲ್ಲ, ಕ್ಯಾಮೆರಾ ಹಿಡಿದ ಎಂದು.

ಆದರೆ ಮದುವೆ ಮನೆಯಲ್ಲಿ ಅಪ್ಪ ಮಗ ಇಬ್ಬರೂ ನಿಲ್ಲುತ್ತಿದ್ದದ್ದು ಒಂದೇ ಮೂಲೆಯಲ್ಲಿ. ಅದಕ್ಕೆ ಕಾರಣವಿದೆ. ವಾಲಗಕ್ಕೆ ಕುಣಿಯುವವರು ಕುಣಿಯುವುದು ಡೋಲಿನವರ ಎದುರಿಗೆ, ಅವರ ಕೈ ನೋಡುತ್ತ. ಕೈ ಏರಿದರೆ ಹೆಜ್ಜೆ ಏರುತ್ತದೆ. ಹಾಗಾಗಿ ಕುಣಿಯುವವರ ಮುಖ ಬೇಕಾದರೆ ವಿಡಿಯೋದವನು ಡೋಲಿನವರ ಪಕ್ಕದಲ್ಲೇ, ಅವರಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲಬೇಕು. ಕೊಡಗಿನ ವಿಡಿಯೋದವರೆಲ್ಲ ಹಾಗೇ ನಿಲ್ಲುತ್ತಿದ್ದರು. ಚಿನ್ನನೂ ಹಾಗೇ ನಿಂತ. ಗುಂಡಣ್ಣ ಇನ್ನೂ ಒಂದು ಕೆಲಸ ಮಾಡುತ್ತಿದ್ದರು. ತಮ್ಮ ಕೋಲು ಎಲ್ಲಿ ಮಗನ ಚಿತ್ರಕ್ಕೆ ಅಡ್ಡ ಬಂದೀತೋ ಎಂದು, ಅವನು ಕ್ಯಾಮೆರಾ ಎತ್ತಿದ ಕೂಡಲೇ ಬಾರಿಸುತ್ತಲೇ ಹಿಂದೆ ಸರಿಯುತ್ತಿದ್ದರು. ನಾನು ಎಷ್ಟೋ ಮದುವೆಗಳಲ್ಲಿ ಅದನ್ನು ನೋಡಿದ್ದೇನೆ. ನೋಡಿ ಚಂದ ಅಂದುಕೊಂಡಿದ್ದೇನೆ.

ಗುಂಡಣ್ಣ ತೀರಿಕೊಂಡ ಮೇಲೆ, ವರ್ಷದ ಕಾರ್ಯಕ್ಕೆ ಅಪ್ಪ ಡೋಲು ಬಾರಿಸುವುದನ್ನು ಮನೆಯವರಿಗೆಲ್ಲ ತೋರಿಸಬೇಕೆಂದು ಚಿನ್ನನಿಗೆ ಆಸೆಯಾಯಿತು. ಅವನ ಅಂಗಡಿಯ ತುಂಬ ಕ್ಯಾಸೆಟ್ಟುಗಳಿದ್ದವು. ಇನ್ನಷ್ಟನ್ನು ಮನೆಮನೆಗೆ ಹೋಗಿ ಕೇಳಿ ತಂದ. ಇಲ್ಲಿಯ ತೇವಕ್ಕೆ ಅರ್ಧದಷ್ಟು ಕ್ಯಾಸೆಟ್ಟುಗಳಿಗೆ ಬಿಳಿ ಬೂಷ್ಟು ಹಿಡಿದಿತ್ತು. ಅವನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಹಳೆಯ ಪ್ಲೇಯರಿಗೆ ಹಾಕಿ ನೋಡುತ್ತ ಹೋದ. ನನಗೆ ರಜೆಯಿದ್ದ ಮಧ್ಯಾಹ್ನಗಳಲ್ಲಿ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ.

ಗುಂಡಣ್ಣ ಎಲ್ಲಿಯೂ ಇರಲಿಲ್ಲ.

ಡೋಲು ಕೇಳುತ್ತಿತ್ತು. ಕ್ಯಾಮೆರಾದ ಮೈಕಿಗೆ ಅವರೇ ಎಲ್ಲರಿಗಿಂತ ಹತ್ತಿರವಿದ್ದದ್ದರಿಂದ ಬೇರೆಲ್ಲ ಸದ್ದನ್ನು ಮೀರಿ ಕೇಳುತ್ತಿತ್ತು. ಒಂದೊಂದು ಕಡೆ ಅವರು ಕೆಮ್ಮಿದ್ದೂ ಕೇಳುತ್ತಿತ್ತು. ಪರದೆಯ ಮೇಲೆ ಮಾತ್ರ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಸುತ್ತಿದ ಗಂಡಸರು, ಹಿಂದಕ್ಕೆ ನೆರಿಗೆಯಿಟ್ಟು ಸೀರೆ ಉಟ್ಟ ಹೆಂಗಸರು ನೇರವಾಗಿ ನಮ್ಮನ್ನೇ ನೋಡುತ್ತ, ನಗುತ್ತ ಕುಣಿಯುತ್ತಿದ್ದರು. ಚಿನ್ನ ಪ್ಲೇಯರ್ ನಿಲ್ಲಿಸಿದ. ಆಮೇಲೆ ಹೇಳಿದ:

“ಆನಂದ, ಇವರೆಲ್ಲ ನೋಡ್ತಾ ಇರುದು ಅಪ್ಪನನ್ನ. ನಾನೊಬ್ಬ ನೋಡ್ಲಿಲ್ಲ.”

ಕೊನೆಗೆ ಸಿಕ್ಕಿದ್ದು ಒಂದು ಕಡೆ. ಯಾರದೋ ಮದುವೆಯಲ್ಲಿ, ಚಿತ್ರದ ಎಡ ಅಂಚಿನಲ್ಲಿ, ಡೋಲಿನ ಕೋಲಿನ ತುದಿ ಒಂದು ಸಲ ಏರಿ ಇಳಿದು ಮಾಯವಾಗುತ್ತದೆ. ಗುಂಡಣ್ಣ ಹಿಂದೆ ಸರಿಯುವುದು ಒಂದು ಕ್ಷಣ ತಡವಾಗಿತ್ತು. ಚಿನ್ನ ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದ. ಅವನ ತಾಯಿ ಮುದ್ದಮ್ಮನನ್ನೂ ಕರೆದು ತೋರಿಸಿದ. ಆಕೆ ಅದು ಅವರದೇ ಕೋಲು, ತುದಿಗೆ ಸುತ್ತಿದ ಬಟ್ಟೆ ತನ್ನ ಹಳೆಯ ರವಿಕೆಯದು ಎಂದಷ್ಟೇ ಹೇಳಿ ಒಳಗೆ ಹೋದರು.

ಸಿನಿಮಾದಲ್ಲಿ ಕುಣಿತ ಬಂದ ಬಗೆಯ ಕುರಿತು ನಾನು ಆಗ ಒಂದಿಷ್ಟು ಓದಿಕೊಂಡಿದ್ದೆ. ಪುಸ್ತಕಗಳು ನಾಯಕಿಯ ಪಾದದ ಬಗ್ಗೆ ಬರೆಯುತ್ತವೆ, ನೃತ್ಯ ನಿರ್ದೇಶಕರ ಬಗ್ಗೆ ಬರೆಯುತ್ತವೆ. ಹಿಂದಿನ ಸಾಲಿನಲ್ಲಿ ವರ್ಷಾನುಗಟ್ಟಲೆ ಕುಣಿದವರಿಗೆ ಅಲ್ಲಿ ಹೆಸರಿಲ್ಲ. ಬೆಟ್ಟದವರ ಕುಣಿತ ಬೇಕಾದರೆ ಬೆಟ್ಟದವರ ಬಟ್ಟೆ ತರಿಸುತ್ತಾರೆ, ಬೆಟ್ಟದವರನ್ನು ಕರೆಯುವುದಿಲ್ಲ. ಕಾಡಿನವರೆಂದರೆ ಮುಖಕ್ಕೆ ಕಪ್ಪು ಬಳಿದು ತಲೆಗೆ ಗರಿ ಸಿಕ್ಕಿಸಿದರೆ ಮುಗಿಯಿತು. ಹಾಡು ಸ್ಪೀಕರಿನ ಪೆಟ್ಟಿಗೆಯಿಂದ ಬರುವುದರಿಂದ ಬಾರಿಸುವವರು ಬೇಕಾಗಿಯೇ ಇಲ್ಲ. ಇದನ್ನೆಲ್ಲ ನಾನು ಚಿನ್ನನಿಗೆ ಹೇಳಿದಾಗ ಅವನು, “ಅದನ್ನ ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಹೋಗ್ತೀಯ ಮಾರಾಯ, ನನ್ನ ಕಪಾಟಲ್ಲೇ ಉಂಟಲ್ಲ” ಅಂದ.

ಅಲ್ಲಿಂದ ಮುಂದೆ ಅವನು ಕೆಲಸ ಮಾಡುವ ರೀತಿ ಬದಲಾಯಿತು. ಮದುವೆ ಮನೆಗೆ ಹೋದವನು ಮೊದಲು ವಾಲಗದವರ ಬಳಿ ಹೋಗುತ್ತಿದ್ದ. ಒಬ್ಬೊಬ್ಬರ ಹೆಸರು, ಊರು ಕೇಳುತ್ತಿದ್ದ. ಕುಣಿತ ಶುರುವಾದಾಗ ಸ್ವಲ್ಪ ಹೊತ್ತು ಕುಣಿಯುವವರ ಬೆನ್ನ ಹಿಂದಿನಿಂದ, ಡೋಲಿನವರಿಗೆ ಎದುರಾಗಿ ನಿಲ್ಲುತ್ತಿದ್ದ. ವಿಡಿಯೋದ ಕೊನೆಯಲ್ಲಿ ಮದುಮಕ್ಕಳ ಹೆಸರಿನ ನಂತರ ಡೋಲಿನವರ, ಕೊಂಬಿನವರ ಹೆಸರು ಬರುತ್ತಿತ್ತು.

ಇದಕ್ಕೆ ಮೊದಲು ತಕರಾರು ತೆಗೆದವರು ಹುದಿಕೇರಿಯ ಕಾಫಿ ತೋಟದ ಪೂವಯ್ಯ. ಅವರ ಮಗಳ ಮದುವೆಯ ಸಿ.ಡಿ. ಹಾಕಿದರೆ ಮೊದಲು ಕಾಣುವುದು ಡೋಲಿನವರು. ಪೂವಯ್ಯ ಸೀದಾ ಅಂಗಡಿಗೆ ಬಂದರು. ಆ ದಿನ ನಾನು ಅಲ್ಲೇ ಇದ್ದೆ.

“ಎಂತದಾ ಇದು ಚಿನ್ನ? ನನ್ನ ಮಗಳ ಮದುವೆಯಾ, ಡೋಲಿನವರ ಮದುವೆಯಾ?”

“ನಿಮ್ಮ ಮಗಳದ್ದೇ ಪೂವಯ್ಯಣ್ಣ.”

“ನನ್ನ ತಂಗಿ ಅಷ್ಟು ಚೆಂದ ಕುಣಿದಿದ್ದಾಳೆ, ಬರೀ ಬೆನ್ನು ಕಾಣ್ತದೆ.”

“ಮುಖವೂ ಉಂಟು, ಮುಂದೆ ಬರ್ತದೆ. ಡೋಲು ತೆಗೆದು ಬಿಟ್ಟು ಬರೀ ನೀವು ಕುಣಿಯೂದನ್ನ ತೋರಿಸಿದ್ರೆ ನೋಡಿದವರು ಆಸ್ಪತ್ರೆಗೆ ಫೋನ್ ಮಾಡ್ತಾರೆ ಅಣ್ಣ.”

ಪೂವಯ್ಯನಿಗೆ ನಗು ಬಂತು, ಆದರೆ ಬಿಡಲಿಲ್ಲ. ಆ ಭಾಗ ಕತ್ತರಿಸಿ ಕೊಡು ಎಂದರು. ಚಿನ್ನ ಆಗುವುದಿಲ್ಲ ಎಂದ. ಕೂಗಾಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಪೂವಯ್ಯ ಮುಂದಿನ ಮದುವೆಗೆ ವಿರಾಜಪೇಟೆಯವರನ್ನು ಕರೆಸಿದರು. ಅವರನ್ನು ನೋಡಿ ಇನ್ನೂ ಕೆಲವರು ಚಿನ್ನನನ್ನು ಬಿಟ್ಟರು. ಆ ಒಂದೆರಡು ವರ್ಷ ಅವನಿಗೆ ಕೆಲಸ ಕಡಿಮೆಯಾಯಿತು. ಹೆಂಡತಿ ಯಮುನಾ ಅಂಗಡಿಯ ಅರ್ಧದಲ್ಲಿ ಹೊಲಿಗೆ ಯಂತ್ರ ಇಟ್ಟಳು. ಸ್ವಲ್ಪ ಬಗ್ಗಿ ನಡೆದರೆ ಏನು ಹೋಗುತ್ತದೆ ಎಂದು ಅವಳೂ ಕೇಳಿದ್ದಳಂತೆ. ಅವನು ಬಗ್ಗಲಿಲ್ಲ. ನಮ್ಮ ಶಾಲೆಯ ದಿನಗಳಲ್ಲಿ ಮಾಸ್ತರರ ಒಂದು ಗದರಿಕೆಗೆ ಅಳುತ್ತಿದ್ದವನು ಇವನೇ ಏನು ಎಂದು ನನಗೆ ಅನಿಸುತ್ತಿತ್ತು.

ಆ ಹೊತ್ತಿಗೆ ಶ್ರೀಮಂಗಲದ ಹತ್ತಿರದ ಎಸ್ಟೇಟೊಂದಕ್ಕೆ ಸಿನಿಮಾದವರು ಬಂದರು. ಮದುವೆಯ ಹಾಡೊಂದು ಬೇಕಾಗಿತ್ತು, ಅದರಲ್ಲಿ ಕೊಡವ ಕುಣಿತ. ನಾಯಕ ನಾಯಕಿಯ ಸುತ್ತ ಕುಣಿಯಲು ಸುತ್ತಮುತ್ತಲ ಊರಿನವರನ್ನು ಕರೆದರು. ಅದರಲ್ಲಿ ಪೂವಯ್ಯನೂ ಇದ್ದರು, ಸೊಂಟಕ್ಕೆ ಬೆಳ್ಳಿಯ ಪೀಚೆಕತ್ತಿ ಸಿಕ್ಕಿಸಿ, ಮೀಸೆ ತಿರುವಿ ಬಂದಿದ್ದರು. ವಾಲಗದವರನ್ನು ಕರೆತರುವ ಕೆಲಸ ಚಿನ್ನನಿಗೆ ಬಂತು. ಅವನು ಗುಂಡಣ್ಣನ ಜೊತೆ ಬಾರಿಸುತ್ತಿದ್ದ ಹಳಬರನ್ನೇ ಕರೆದುಕೊಂಡು ಹೋದ.

ಸಿನಿಮಾದವರು ಅವರಿಂದ ಡೋಲು ಹೊಡೆಸಿ ಸದ್ದನ್ನು ಮಾತ್ರ ಹಿಡಿದುಕೊಂಡರು. ಆಮೇಲೆ ಡೋಲುಗಳನ್ನು ಇಸಿದುಕೊಂಡು, ನಗರದಿಂದ ಬಂದ ಎಳೆಯ ನರ್ತಕರ ಕೊರಳಿಗೆ ಹಾಕಿದರು. ಚಿನ್ನ ಹೋಗಿ ಕೇಳಿದ. ಮುಖ ಫ್ರೇಮಿಗೆ ಹೊಂದುವುದಿಲ್ಲ, ಊಟಕ್ಕೆ ಮಾತ್ರ ಇರಲಿ ಎಂದು ಉತ್ತರ ಬಂತು. ಅವನು ಮತ್ತೊಮ್ಮೆ ಕೇಳಿದ, ಅದೇ ಉತ್ತರ. ಆಮೇಲೆ ತನ್ನ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಬರಿಗೈಯಲ್ಲಿ ಮರದ ಕೆಳಗೆ ಕೂತಿದ್ದ ವಾಲಗದವರ ಪಕ್ಕ ಹೋಗಿ ಕೂತ.

ಪೆಟ್ಟಿಗೆಯಿಂದ ವಾಲಗ ಬಂತು. ಊರಿನವರು ಕುಣಿಯಲು ಎದ್ದರು. ಕುಣಿತ ಬರಲಿಲ್ಲ. ಅವರು ಹಟ ಹಿಡಿದು ನಿಲ್ಲಿಸಿದ್ದಲ್ಲ. ಹುಟ್ಟಿದಾಗಿನಿಂದ ಡೋಲಿನವರ ಕೈ ನೋಡಿ ಕುಣಿದವರಿಗೆ, ಸದ್ದು ಒಂದು ಕಡೆಯಿಂದ ಬರುತ್ತ ಎದುರಿಗಿನ ಕೈ ಸುಮ್ಮನೆ ಗಾಳಿಯಲ್ಲಿ ಆಡುತ್ತಿದ್ದರೆ ಕಾಲು ಏಳಲಿಲ್ಲ. ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ. ನೃತ್ಯ ನಿರ್ದೇಶಕ ಮತ್ತೆ ಮತ್ತೆ ಮಾಡಿಸಿದ. ಬಿಸಿಲು ಏರಿತು. ಕೊನೆಗೆ ಪೂವಯ್ಯ ನಡುವೆ ನಿಂತುಬಿಟ್ಟರು.

“ಯಾರನ್ನ ನೋಡಿ ಕುಣಿಯೂದು ಮಾರಾಯ್ರೇ? ಈ ಮಗು ಡೋಲನ್ನ ಸೌದೆ ಹೊರೆ ಹೊತ್ತ ಹಾಗೆ ಹೊತ್ತಿದ್ದಾನೆ.” ಆಮೇಲೆ ಮರದ ಕಡೆ ತಿರುಗಿ ಕರೆದರು. “ಏಯ್ ಚಿನ್ನ, ನಮ್ಮವರನ್ನ ಕರ್ಕೊಂಡು ಬಾ. ಎದುರಿಗೆ ಅವರು ನಿಲ್ಲದಿದ್ರೆ ನನ್ನ ಕಾಲು ಏಳುದಿಲ್ಲ.”

ನಮ್ಮವರು ಎಂದರು. ಆ ಮಾತನ್ನು ಚಿನ್ನ ಸಾಯುವವರೆಗೂ ಮರೆಯಲಿಲ್ಲ.

ನೃತ್ಯ ನಿರ್ದೇಶಕ ಕೆಟ್ಟವನಲ್ಲ. ಹಳಬರು ಬಂದು ಡೋಲು ಹಾಕಿಕೊಂಡು ಒಮ್ಮೆ ಬಾರಿಸಿದ್ದೇ, ಎದುರಿಗೆ ಕುಣಿತ ಹೇಗೆ ಎದ್ದಿತೆಂದರೆ ಆತ ತಾನೇ ಎದ್ದು ನಿಂತ. ಕ್ಯಾಮೆರಾಗಳನ್ನು ಎಲ್ಲಿಡುವುದು ಎಂದು ಚಿನ್ನನನ್ನೇ ಕೇಳಿದ. ಚಿನ್ನ ಒಂದನ್ನು ಡೋಲಿನವರ ಪಕ್ಕಕ್ಕೆ ಇಡಿಸಿದ, ಇನ್ನೊಂದನ್ನು ಕುಣಿಯುವವರ ಹಿಂದೆ.

ಸಿನಿಮಾ ಗೋಣಿಕೊಪ್ಪಕ್ಕೆ ಬಂದಾಗ ವಾಲಗದವರ ಸಂಸಾರಗಳೆಲ್ಲ ಜೀಪು ಮಾಡಿಕೊಂಡು ಹೋದವು. ಮುದ್ದಮ್ಮನೂ ಬಂದಿದ್ದರು. ಹಾಡಿನಲ್ಲಿ ಡೋಲಿನವರು ಕಾಣುವುದು ಸ್ವಲ್ಪ ಹೊತ್ತು. ಆದರೆ ಕಾಣುತ್ತಾರೆ. ಬೆವರಿದ ಹಣೆ, ಹಲ್ಲಿಲ್ಲದ ನಗು, ಗೆಣ್ಣು ಕಟ್ಟಿದ ಕೈ, ಪರದೆಯ ತುಂಬ. ಸಿಳ್ಳೆ ಬಿತ್ತು. ಮುದ್ದಮ್ಮ ಮಗನ ತೋಳು ಹಿಡಿದು, “ನಿನ್ನ ಅಪ್ಪ ಇದ್ದಿದ್ರೆ ಇಲ್ಲಿಯೂ ಹಿಂದೆ ಸರೀತಿದ್ರು” ಅಂದರು. ಕೊನೆಯಲ್ಲಿ ಬಂದ ಹೆಸರುಗಳಲ್ಲಿ ಇವರದ್ದು ಇರಲಿಲ್ಲ. ಚಿನ್ನ ದೀಪ ಹತ್ತುವವರೆಗೂ ಕಾದು ಓದಿದ, ಆಮೇಲೆ ಎದ್ದ. ಆ ಬೇಸರ ಅವನಿಗೆ ಉಳಿಯಿತು.

ಅದರ ಮರುವರ್ಷ ಪೂವಯ್ಯ ತಮ್ಮ ಮಗನ ಮದುವೆಗೆ ಚಿನ್ನನನ್ನೇ ಕರೆದರು. ನಿನ್ನ ಇಷ್ಟದ ಹಾಗೆ ಹಿಡಿ, ಆದರೆ ನನ್ನ ತಂಗಿಯ ಮುಖ ಮರೆಯಬೇಡ ಎಂದು ಎಚ್ಚರಿಸಿದರು. ಈಗ ನಮ್ಮ ಕಡೆ ಯಾವ ಹುಡುಗರು ವಿಡಿಯೋ ಮಾಡಿದರೂ ಡೋಲಿನವರ ಎದುರಿಗೂ ಹೋಗಿ ನಿಲ್ಲುತ್ತಾರೆ. ಅದು ಯಾರಿಂದ ಬಂತೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಾಗಬೇಕೆಂದು ಚಿನ್ನನಿಗೂ ಇರಲಿಲ್ಲ. ನನಗೆ ಇದೆ.

ತಿತಿಮತಿಯ ಕಡೆಯ ಕಾಡಂಚಿನ ಹಾಡಿಯೊಂದರಿಂದ ಎರವ ಬುಡಕಟ್ಟಿನವರು ತಮ್ಮ ಮದುವೆಗೆ ಅವನನ್ನು ಕರೆದಿದ್ದರು. ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಬಾರಿಸುವವರನ್ನು ನಡುವೆ ಇಟ್ಟುಕೊಂಡು ಹೆಂಗಸರು ಸುತ್ತು ಕಟ್ಟಿ ಕುಣಿಯುತ್ತಾರೆ. ಹೊರಗೆ ನಿಂತರೆ ಬಾರಿಸುವವರು ಕಾಣುವುದಿಲ್ಲ. ಒಳಗೆ ಹೋಗುವುದು ಅವರಿಗೆ ಸರಿಯೋ ತಪ್ಪೋ ಗೊತ್ತಿಲ್ಲ. ಚಿನ್ನ ಕ್ಯಾಮೆರಾವನ್ನು ಚೀಲದಿಂದ ತೆಗೆಯುವ ಮೊದಲು ಹಿರಿಯರೊಬ್ಬರ ಬಳಿ ಹೋಗಿ, ತಾನು ಎಲ್ಲಿ ನಿಲ್ಲಬೇಕೆಂದು ಕೇಳಿದ. ಇಷ್ಟು ವರ್ಷ ಫೋಟೋ ತೆಗೆಯಲು ಬಂದವರು ನಮ್ಮನ್ನು ಅಲ್ಲಿ ನಿಲ್ಲಿ, ಇಲ್ಲಿ ನಿಲ್ಲಿ ಅಂದಿದ್ದಾರೆ, ನಾನು ಎಲ್ಲಿ ನಿಲ್ಲಲಿ ಅಂದವನು ನೀನೊಬ್ಬನೇ ಎಂದು ಆ ಹಿರಿಯರು ನಕ್ಕರು. ಆಮೇಲೆ ನಡುವೆಯೇ ಜಾಗ ಮಾಡಿಕೊಟ್ಟರು. ಅವನು ಅಲ್ಲಿ ನಿಧಾನವಾಗಿ ಸುತ್ತುತ್ತ, ಎದುರಿಗೆ ಬಂದ ಒಬ್ಬೊಬ್ಬರ ಮುಖವನ್ನೂ ಹಿಡಿದ. ಅವನ ಎಲ್ಲ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದು.

ಕೆಲವು ವರ್ಷಗಳಿಂದ ಮೊಣಕಾಲಿನ ನೋವು ಅವನನ್ನು ಕಾಡುತ್ತಿತ್ತು. ಕ್ಯಾಮೆರಾ ತುಳಸಿಯ ಕೈಗೆ ಬಂದಿತ್ತು. ಅವಳು ಅಪ್ಪನಿಗಿಂತ ಚುರುಕು, ಬಾಯಿಯೂ ಚುರುಕು. ಅವಳದ್ದು ಒಂದೇ ಜಗಳ. ಎಷ್ಟು ಸಲ ಕರೆದರೂ ಚಿನ್ನ ಕ್ಯಾಮೆರಾದ ಮುಂದೆ ಬರುತ್ತಿರಲಿಲ್ಲ. ವಿಡಿಯೋದವನು ಕಾಣಬಾರದು ಎನ್ನುವುದು ಅವನ ಉತ್ತರ. ಅವನ ಅಪ್ಪ ಸರಿಯುತ್ತಿದ್ದ ಹಾಗೆಯೇ ಇವನೂ ಸರಿಯುತ್ತಿದ್ದ. ಡೋಲನ್ನಂತೂ ಅವನು ಯಾರೆದುರೂ ಮುಟ್ಟಿದವನಲ್ಲ. ಅಪ್ಪನಿಗೆ ಬೇಡವಾಗಿತ್ತಲ್ಲ. ಆದರೆ ಬೆರಳುಗಳು ಅಂಗಡಿಯ ಮೇಜಿನ ಮೇಲೆ ಸದಾ ಬಾರಿಸುತ್ತಿದ್ದವು.

ಭಾನುವಾರದ ಮದುವೆಗೆ ನಾನು ಹೋಗಿರಲಿಲ್ಲ. ಚಿನ್ನ ಕುಸಿಯುವುದಕ್ಕೆ ಸ್ವಲ್ಪ ಮೊದಲು ತುಳಸಿ ಹಿಡಿದದ್ದನ್ನು ಮೊನ್ನೆ ನನಗೆ ತೋರಿಸಿದಳು.

ಮುಹೂರ್ತ ಮುಗಿದು ಮದುಮಗಳು ಬಾವಿಯಿಂದ ನೀರು ಹೊತ್ತು ಬರುವ ಹೊತ್ತು. ತಲೆಯ ಮೇಲೆ ಕೊಡ ಹೊತ್ತ ಮದುಮಗಳನ್ನು ಮುಂದೆ ಹೋಗಲು ಬಿಡದೆ ಗಂಡಿನ ಕಡೆಯವರು ದಾರಿಗಡ್ಡ ಕುಣಿಯುವುದು ನಮ್ಮಲ್ಲಿಯ ಪದ್ಧತಿ. ಅವಳ ತಾಳ್ಮೆಗೆ ಅದು ಪರೀಕ್ಷೆ ಎನ್ನುತ್ತಾರೆ. ನಿಜವಾದ ಪರೀಕ್ಷೆ ಡೋಲಿನವರ ತೋಳಿಗೆ. ಕುಣಿಯುವವರು ಬಿಡುವುದಿಲ್ಲ, ವಾಲಗ ನಿಲ್ಲುವ ಹಾಗಿಲ್ಲ. ಅಂದು ಡೋಲಿನ ನಾಣಯ್ಯನ ಕೈ ಹಿಡಿದುಕೊಂಡಿತು. ಅವನು ಗುಂಡಣ್ಣನ ಜೊತೆ ಬಾರಿಸಿದವರಲ್ಲಿ ಉಳಿದ ಕೊನೆಯವನು. ಡೋಲು ಕಳಚಿ, ಪಕ್ಕದಲ್ಲಿ ನಿಂತಿದ್ದ ಚಿನ್ನನ ಕಡೆ ಚಾಚಿದ. ಚಿನ್ನ ತಲೆಯಾಡಿಸಿ ಹಿಂದೆ ಸರಿಯುವುದು ಕಾಣುತ್ತದೆ. ಆಗ ಕ್ಯಾಮೆರಾದ ಹಿಂದಿನಿಂದ ತುಳಸಿಯ ದನಿ ಕೇಳುತ್ತದೆ.

“ಅಪ್ಪ, ನೀನು ಅಜ್ಜನನ್ನ ಹುಡುಕಿದ ಹಾಗೆ ನಾನು ನಿನ್ನನ್ನ ಹುಡುಕಬೇಕಾ?”

ಚಿನ್ನ ನಿಂತ. ಆಮೇಲೆ ಡೋಲು ತೆಗೆದುಕೊಂಡು ಕಣ್ಣಿಗೊತ್ತಿ ಕೊರಳಿಗೆ ಹಾಕಿಕೊಂಡ. ಮೊದಲ ಎರಡು ಪೆಟ್ಟು ಸರಿ ಬೀಳಲಿಲ್ಲ. ಆಮೇಲೆ ಬಿತ್ತು. ನಾನು ಕಣ್ಣು ಮುಚ್ಚಿ ಕೇಳಿದೆ. ಆ ಹಳೆಯ ಕ್ಯಾಸೆಟ್ಟುಗಳ ಡೋಲು ಅದೇ. ಕಣ್ಣು ತೆರೆದರೆ ಅದನ್ನು ಬಾರಿಸುವವನ ಮುಖವೂ ಎದುರಿಗಿತ್ತು. ಎದುರಿಗೆ ಕುಣಿಯುತ್ತಿದ್ದವರು ಅವನ ಕೈ ನೋಡುತ್ತ ನಗುತ್ತಿದ್ದರು, ಮದುಮಗಳೂ ಕೊಡದ ಕೆಳಗಿನಿಂದ ನಗುತ್ತಿದ್ದಳು. ಕ್ಯಾಮೆರಾ ತನ್ನ ಮೇಲೇ ನಿಂತದ್ದು ಕಂಡು ಅವನಿಗೆ ನಾಚಿಕೆಯಾಯಿತು. ಬಾರಿಸುವ ನಡುವೆ ಕೋಲಿನಿಂದ ಪಕ್ಕದ ಕೊಂಬಿನವನನ್ನು ತೋರಿಸಿದ, ಅವನನ್ನು ಹಿಡಿ ಎಂದು. ತುಳಸಿ ತಿರುಗಿಸಲಿಲ್ಲ. ಅವನು ಮತ್ತೆ ತೋರಿಸಿದ. ಆಗಲೂ ತಿರುಗಿಸಲಿಲ್ಲ. ಆಗ ಚಿನ್ನ ನಕ್ಕು, ಒಂದು ಹೆಜ್ಜೆ ಮುಂದೆ ಬಂದು, ಕೈ ಎತ್ತಿ ಬಾರಿಸಿದ.